ಎಡಕ್ಕೆ ವಾಲಿದ ಚೌಕ

ಶಟರ್ ಎಳೆದವಳು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಬೇರೆಯವರನ್ನು ದೂರುವ ಚಟ ನನಗಿಲ್ಲ.

ಗೇಟಪ್ಪ ಮೆಲ್ಲಗೆ ಜಾಗ ಖಾಲಿ ಮಾಡಲು ಎರಡು ಹೆಜ್ಜೆ ಇಟ್ಟಿದ್ದ. ನಾನು ಹಿಡಿಕೆಗೆ ಜೋತುಬಿದ್ದೆ. ಶಟರ್ ಗಡಗಡ ಎನ್ನುತ್ತ ನೆಲಕ್ಕೆ ಬಂದು ಕೂತಿತು. ಹೊರಗಿನ ಬಿಸಿಲು ಹೋಗಿ ಒಳಗೆ ಒಂದು ಟ್ಯೂಬ್‌ಲೈಟ್ ಮಾತ್ರ ಉಳಿಯಿತು.

ಮಧ್ಯಾಹ್ನ ಮೂರು ಗಂಟೆ. ತಗಡಿನ ಶೆಡ್ಡು ಕಾದು ಕೆಂಡವಾಗಿತ್ತು. ಇದ್ದ ಒಂದೇ ಕಿಟಕಿಗೆ ಗೇಟಪ್ಪ ತಾನೇ ಮಾಡಿದ ಕಬ್ಬಿಣದ ಗ್ರಿಲ್ ಇತ್ತು, ಅದರಾಚೆ ಪಕ್ಕದ ಮನೆಯ ಗೋಡೆ. ಇನ್ನು ಇವನು ಎಲ್ಲಿಗೂ ಹೋಗುವಂತಿಲ್ಲ ಎಂದು ನನಗೆ ಸಮಾಧಾನವಾಯಿತು. ನಾನೂ ಹೋಗುವಂತಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಇಷ್ಟು ನೆನಪಿದ್ದರೆ ಸಾಕು. ಅಳತೆರಾಯ ಕಾಣೆಯಾಗಿ ಅಂದಿಗೆ ಹನ್ನೊಂದು ದಿನ. ಅವನ ಕನ್ನಡಕ ಅವನದೇ ಮನೆಯ ಹಿತ್ತಲಿನ ಈ ಶೆಡ್ಡಿನ ನೀರಿನ ತೊಟ್ಟಿಯಲ್ಲಿ ಪೊಲೀಸರಿಗೆ ಸಿಕ್ಕಿತ್ತು. ಶೆಡ್ಡಿನ ಬೀಗದ ಕೈ ಇದ್ದದ್ದು ಅವನನ್ನು ಬಿಟ್ಟರೆ ಅವನ ಹೆಂಡತಿಯ ಹತ್ತಿರ ಮಾತ್ರ. ಐದು ಗಂಟೆಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇವೆ ಎಂದು ಠಾಣೆಯಿಂದ ಹೇಳಿ ಕಳಿಸಿದ್ದರು.

ಆ ಹೆಂಡತಿ ನನ್ನ ಬಟ್ಟೆ ಹೊಲಿಯುವವಳು. ಒಂಬತ್ತು ವರ್ಷದಿಂದ ನನ್ನ ಸೊಂಟ ಎಷ್ಟು ಬೆಳೆದಿದೆ ಎಂದು ಗೊತ್ತಿದ್ದೂ ಯಾರ ಮುಂದೆಯೂ ಬಾಯಿಬಿಡದ ಹೆಂಗಸು. ಅವಳು ಗಂಡನನ್ನು ಕೊಂದಳು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಇಪ್ಪತ್ತಾರು ವರ್ಷ ಕಾರ್ಖಾನೆಗಳ ಅಪಘಾತ ತನಿಖೆ ಮಾಡಿ ನಿವೃತ್ತಳಾಗಿದ್ದೇನೆ. ಮೆಷಿನ್ನು ಹೇಳುವ ಮಾತನ್ನು ಮನುಷ್ಯರ ಮಾತಿಗಿಂತ ಹೆಚ್ಚು ನಂಬುವ ಕೆಟ್ಟ ಅಭ್ಯಾಸ ಅಲ್ಲಿಂದಲೇ ಅಂಟಿಕೊಂಡದ್ದು.

"ಶಟರ್ ತೆಗೀರಿ ಮೇಡಂ. ಅಂಗಡೀಲಿ ಗಿರಾಕಿ ಕಾಯ್ತಿದಾರೆ," ಎಂದ ಗೇಟಪ್ಪ.

"ಗೇಟಿಗೆ ಬಂದವರು ಇನ್ನರ್ಧ ಗಂಟೆ ಕಾಯ್ತಾರೆ. ನಿಮ್ಮಕ್ಕನಿಗೆ ಉಳಿದಿರೋದು ಎರಡು ಗಂಟೆ."

ಅವನು ಆ ಹೆಂಗಸಿನ ಒಡಹುಟ್ಟಿದ ತಮ್ಮ. ಮನೆಯ ಮುಂದಿನ ಅಂಗಡಿಯಲ್ಲಿ ಗೇಟು, ಗ್ರಿಲ್ಲು ಮಾಡುತ್ತಾನೆ, ಹಾಗಾಗಿ ಊರಿನ ಬಾಯಲ್ಲಿ ಗೇಟಪ್ಪ. ಮೂವತ್ತೈದರ ಆಸುಪಾಸು, ಕೈ ಕಬ್ಬಿಣದ್ದು, ಎದೆ ಪುಕ್ಕಲು. ಭಾವ ಕಾಣೆಯಾದ ದಿನದಿಂದ ಅವನು ಪೊಲೀಸರಿಗೂ ನನಗೂ ಹೇಳಿದ್ದು ಒಂದೇ ಮಾತು: ಭಾವನ ಮೆಷಿನ್ನಿಗೂ ನನಗೂ ಸಂಬಂಧವಿಲ್ಲ, ಅದರ ಸ್ವಿಚ್ ಯಾವುದು ಎಂದೂ ನನಗೆ ಗೊತ್ತಿಲ್ಲ.

ಆ ಮೆಷಿನ್ನು ನಮ್ಮಿಬ್ಬರ ನಡುವೆ ಅರ್ಧ ಶೆಡ್ಡು ತುಂಬಿಕೊಂಡು ನಿಂತಿತ್ತು.

ಅಳತೆರಾಯ ತೂಕದ ಮೆಷಿನ್ನು ರಿಪೇರಿ ಮಾಡುವವನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಊಟ ಬಿಡುವ ಆಸಾಮಿ. ಒಂದು ದಿನ ಅವನ ತಲೆಗೆ ಹೊಕ್ಕಿತು, ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಅದೇ ಗೆರೆಯಲ್ಲಿ ಕಬ್ಬಿಣದ ಪ್ಲೇಟು ಕತ್ತರಿಸುವ ಪ್ಲಾಸ್ಮಾ ಟೇಬಲ್ಲು ತಾನೇ ಮಾಡಬೇಕು ಎಂದು. ಕೊಳ್ಳುವುದಕ್ಕೆ ಸಿಗುತ್ತದಲ್ಲ ಎಂದು ಹೆಂಡತಿ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದನಂತೆ.

ಚೌಕ ಪೈಪು ಬೆಸೆದು ಮೇಜು ಮಾಡಿದ. ಅದರ ಹೊಟ್ಟೆಗೆ ನೀರಿನ ತೊಟ್ಟಿ ಇಟ್ಟ, ಕಿಡಿ ಮತ್ತು ಕರಗಿದ ಕಬ್ಬಿಣ ಬಿದ್ದು ಆರಲಿ ಎಂದು. ಮೇಲೆ ಪಟ್ಟಿಗಳ ಸಾಲು, ಅದರ ಮೇಲೆ ಪ್ಲೇಟು ಮಲಗಿಸುವುದು. ಎರಡು ಬದಿಯ ಹಳಿಯ ಮೇಲೆ ಒಂದು ಅಡ್ಡತೊಲೆ, ಆ ತೊಲೆಗೆ ಬೆಂಕಿ ಉಗುಳುವ ಟಾರ್ಚು. ಹಳೇ ಸಾಮಾನಿನ ಅಂಗಡಿಯಿಂದ ತಂದ ಮೋಟಾರು, ಯಾರೋ ಬಿಸಾಡಿದ ಕಂಪ್ಯೂಟರು, ಮೂಲೆಯಲ್ಲಿ ಒಂದು ಕಂಪ್ರೆಸರು. ಒಂದು ವರ್ಷದ ಕೆಲಸ.

ಎಲ್ಲ ಸರಿಯಾಯಿತು, ಒಂದು ಬಿಟ್ಟು. ಚೌಕ ಕತ್ತರಿಸು ಎಂದರೆ ಅದು ಸ್ವಲ್ಪ ಬಲಕ್ಕೆ ವಾಲಿದ ಚೌಕ ಕತ್ತರಿಸುತ್ತಿತ್ತು. ಒಂದು ಮೀಟರಿಗೆ ಮೂರು ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ಆದರೆ ಅಳತೆರಾಯನಿಗೆ ಅದು ಎದೆಗೆ ಚುಚ್ಚಿದ ಮುಳ್ಳು.

ಯಾಕೆ ಹೀಗೆ ಎಂದು ಅವನಿಗೆ ಸಿಗಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದ. ಕಂಪ್ಯೂಟರಿನಲ್ಲೇ ಚೌಕವನ್ನು ಅಷ್ಟೇ ಎಡಕ್ಕೆ ವಾಲಿಸಿ ಬರೆಯುವುದು. ಮೆಷಿನ್ನು ಬಲಕ್ಕೆ ವಾಲಿಸುತ್ತದೆ, ಎರಡೂ ಸೇರಿ ನೆಟ್ಟಗಾಗುತ್ತದೆ. ಮನೆಯಲ್ಲಿ ಇದಕ್ಕೆ 'ಸುಳ್ಳು ಅಳತೆ' ಎಂದೇ ಹೆಸರು. ಜೀವಮಾನದಲ್ಲಿ ಅವನು ಹೇಳಿದ ಒಂದೇ ಸುಳ್ಳು ಇದು ಎಂದು ಹೆಂಡತಿ ನಗುತ್ತಿದ್ದಳಂತೆ.

ನಾನು ಜೇಬಿನಿಂದ ಟೇಪು ತೆಗೆದೆ.

ಮೇಜಿನ ಮೇಲೆ ಒಂದು ದೊಡ್ಡ ಪ್ಲೇಟಿನ ಉಳಿಕೆ ಮಲಗಿತ್ತು. ನಡುವಿನಿಂದ ಎರಡಡಿ ಅಗಲ, ಮೂರಡಿ ಉದ್ದದ ತುಂಡನ್ನು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಬರೀ ಚೌಕಟ್ಟು. ಪೊಲೀಸರು ತೊಟ್ಟಿ ಬಸಿದು, ಕೆಸರು ಜಾಲಾಡಿ ಕನ್ನಡಕ ಹಿಡಿದಿದ್ದರು. ಈ ಚೌಕಟ್ಟನ್ನು ಮಾತ್ರ ಮೇಜಿನದೇ ಒಂದು ಭಾಗ ಎಂದುಕೊಂಡು ಮುಟ್ಟದೆ ಹೋಗಿದ್ದರು. ಅವರ ಬೂಟಿನ ಗುರುತು ಇನ್ನೂ ಅದರ ಮೇಲಿತ್ತು.

"ಈ ತುದಿ ಹಿಡ್ಕೊಳ್ಳಿ," ಎಂದೆ.

ಗೇಟಪ್ಪ ಟೇಪಿನ ತುದಿ ಹಿಡಿದ. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದೆವು, ಮತ್ತೆ ಇನ್ನೊಂದು ಜೋಡಿ ಮೂಲೆ. ಚೌಕ ನೆಟ್ಟಗಿದ್ದರೆ ಎರಡೂ ಒಂದೇ ಬರಬೇಕು, ಬರಲಿಲ್ಲ. ಮೂರು ಮಿಲಿಮೀಟರ್ ವ್ಯತ್ಯಾಸ.

ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಹಳೇ ಕಾಯಿಲೆ ಮೇಡಂ, ಈ ಮೆಷಿನ್ನೇ ಹಾಗೆ ಎಂದ.

ಗೋಡೆಗೆ ಅಳತೆರಾಯ ಮೊದಮೊದಲು ಕತ್ತರಿಸಿದ ಹತ್ತು ಹದಿನೈದು ಚೌಕಗಳನ್ನು ತಾರೀಖು ಬರೆದು ಸಾಲಾಗಿ ತೂಗುಹಾಕಿದ್ದ. ಒಂದನ್ನು ಇಳಿಸಿ ಚೌಕಟ್ಟಿನ ಪಕ್ಕ ಇಟ್ಟು, ಎರಡಕ್ಕೂ ಮೂಲೆಮಟ್ಟ ಹಿಡಿದು ತೋರಿಸಿದೆ. ಗೋಡೆಯ ಚೌಕ ಬಲಕ್ಕೆ ವಾಲಿತ್ತು. ಮೇಜಿನ ಮೇಲಿನದು ಎಡಕ್ಕೆ.

ಗೇಟಪ್ಪ ಬಗ್ಗಿ ನೋಡಿದ. ಮತ್ತೆ ನೋಡಿದ. ಎಡಕ್ಕೆ ಯಾಕೆ ವಾಲುತ್ತೆ ಎಂದು ತನ್ನನ್ನೇ ಕೇಳಿಕೊಂಡ. ಸ್ವಿಚ್ಚೂ ಗೊತ್ತಿಲ್ಲದವನಿಗೆ ಇಷ್ಟು ಆಶ್ಚರ್ಯ ಬೇಕಿರಲಿಲ್ಲ.

ಮೇನ್ ಸ್ವಿಚ್ ಒತ್ತಿದೆ. ಕಂಪ್ಯೂಟರು ಗೊರಗುಟ್ಟುತ್ತ ಎದ್ದಿತು, ಮೂಲೆಯ ಕಂಪ್ರೆಸರು ಗಾಳಿ ತುಂಬಿಕೊಳ್ಳಲು ಒಮ್ಮೆಲೇ ಶುರುಮಾಡಿತು. ಆ ತಗಡಿನ ಡಬ್ಬಿಯೊಳಗೆ ಅದರ ಸದ್ದು ಕಿವಿ ಹರಿಯುವಂತಿತ್ತು. ಇನ್ನು ಮುಂದಿನ ಮಾತೆಲ್ಲ ನಾವು ಕೂಗಿಯೇ ಆಡಿದ್ದು.

ಅಡ್ಡತೊಲೆ ಹಳಿಯ ಮೇಲೆ ಹಿಂದಕ್ಕೆ ಸರಿದು ಬಂದು ನಿಂತಿತು. ಅದಕ್ಕೆ ಎರಡು ತುದಿಗೆ ಎರಡು ಮೋಟಾರು; ಕೆಲಸ ಶುರುಮಾಡುವ ಮೊದಲು ಎರಡು ಬದಿಯ ಎರಡು ಪುಟ್ಟ ಸ್ವಿಚ್ ಮುಟ್ಟಿ ನಿಲ್ಲಬೇಕು. ಎಡಬದಿಯ ಸ್ವಿಚ್ಚಿನ ಹತ್ತಿರ ಬನ್ನಿ ಎಂದು ಅವನನ್ನು ಕರೆದೆ. ಸ್ಕ್ರೂ ಹೊಸದಾಗಿ ಸರಿಸಿದ್ದು. ಮೊದಲು ಕೂತಿದ್ದ ಜಾಗದಲ್ಲಿ ಬಣ್ಣವಿಲ್ಲದ ಗೆರೆ, ಸರಿಯಾಗಿ ಮೂರು ಮಿಲಿಮೀಟರ್. ಎಂಟು ತಿಂಗಳು ಅಳತೆರಾಯನ ನಿದ್ದೆ ಕೆಡಿಸಿದ ರೋಗ ಅಷ್ಟೇ. ಒಂದು ಸ್ವಿಚ್ಚು ಮುಂದೆ ಕೂತಿತ್ತು, ಅದಕ್ಕೇ ತೊಲೆ ಪ್ರತಿಸಲ ಓರೆಯಾಗಿ ನಿಲ್ಲುತ್ತಿತ್ತು.

ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ತಾರೀಖು. ತಾನು ಬಿಗಿ ಮಾಡಿದ ಪ್ರತಿ ಸ್ಕ್ರೂವಿನ ಪಕ್ಕ ತಾರೀಖು ಬರೆಯದೆ ಬಿಡುವವನಲ್ಲ ಅಳತೆರಾಯ. ಈ ಮೇಜಿನ ತುಂಬ ಇರುವೆ ಸಾಲಿನಂಥ ಅವನ ಅಕ್ಷರ. ಇಲ್ಲಿ ಮಾತ್ರ ಅಂಕಿ ಬೆರಳುದ್ದಕ್ಕೆ, ದಪ್ಪಗೆ, ಸೊಟ್ಟಗೆ ಬರೆದಿತ್ತು. ಒಂಬತ್ತನೇ ತಾರೀಖು.

"ಇಷ್ಟು ದಪ್ಪಕ್ಕೆ ಯಾಕೆ ಬರೆದ್ರು ನಿಮ್ಮ ಭಾವ?" ಎಂದು ಕೇಳಿದೆ. ಉತ್ತರವನ್ನೂ ನಾನೇ ಕೊಟ್ಟೆ. ಕನ್ನಡಕ ಇರಲಿಲ್ಲ. ಬಗ್ಗಿ ಸ್ಕ್ರೂ ಸರಿಸುವಾಗ ಅದು ಮೂಗಿನಿಂದ ಜಾರಿ ತೊಟ್ಟಿಗೆ ಬಿತ್ತು, ಕೆಸರಿನಲ್ಲಿ ಕೈಗೆ ಸಿಗಲಿಲ್ಲ. ಯಾರೂ ಯಾರನ್ನೂ ಕೊಲ್ಲಲಿಲ್ಲ, ಯಾರೂ ಏನನ್ನೂ ತೊಟ್ಟಿಗೆ ಎಸೆಯಲಿಲ್ಲ. ನಿಮ್ಮಕ್ಕನನ್ನು ಜೈಲಿಗೆ ಕಳಿಸಲು ಹೊರಟಿರುವ ಸಾಕ್ಷಿ ಇಷ್ಟೇ.

ಅವನ ಕಣ್ಣು ತುಂಬಿತು. ನನಗೆ ಕರುಣೆ ಬಂತು, ಆದರೆ ಅದನ್ನು ತೋರಿಸುವ ಹೊತ್ತಲ್ಲ ಅದು.

"ಈಗ ನಿನ್ನ ವಿಷಯಕ್ಕೆ ಬರ್ತೀನಿ," ಎಂದೆ. ಬಹುವಚನ ಎಲ್ಲಿ ಬಿದ್ದುಹೋಯಿತೋ ನನಗೇ ತಿಳಿಯಲಿಲ್ಲ. "ಒಂದು ಕಾಲು ಗಿಡ್ಡ ಇರೋನು ಆ ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಹಾಕ್ಕೊಂಡು ನೆಟ್ಟಗೆ ನಡೀತಾನೆ. ಕಾಲು ಸರಿಯಾದ ಮೇಲೂ ಅದೇ ಚಪ್ಪಲಿ ಹಾಕಿದ್ರೆ ಏನಾಗುತ್ತೆ?"

"ಇನ್ನೊಂದು ಕಡೆಗೆ ಕುಂಟ್ತಾನೆ," ಎಂದ. ಹೇಳಿದ ಮೇಲೆ ಅವನ ಕೈ ನಿಧಾನವಾಗಿ ಮೇಜಿನ ಅಂಚು ಹಿಡಿದುಕೊಂಡಿತು.

ಒಂಬತ್ತನೇ ತಾರೀಖು ಅಳತೆರಾಯ ಮೆಷಿನ್ನಿನ ಕಾಲು ಸರಿಮಾಡಿದ. ಯಾರಿಗೂ ಹೇಳಲಿಲ್ಲ. ಆ ಸಂಜೆಯೇ ಕಾಣೆಯಾದ. ಅದಾದ ಮೇಲೆ ಯಾರೋ ಈ ಪ್ಲೇಟು ಕತ್ತರಿಸಿದರು, ಹಳೇ ಸುಳ್ಳು ಅಳತೆ ಹಾಕಿ. ಅಳತೆರಾಯನೇ ಆಗಿದ್ದರೆ ಸುಳ್ಳು ಅಳತೆ ಹಾಕುತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಮೆಷಿನ್ನು ಗೊತ್ತಿಲ್ಲದ ಕಳ್ಳನಾಗಿದ್ದರೂ ಹಾಕುತ್ತಿರಲಿಲ್ಲ. ಹಳೇ ರೋಗ ಗೊತ್ತಿದ್ದು, ಹೊಸ ಮದ್ದು ಗೊತ್ತಿಲ್ಲದವನು ಒಬ್ಬನೇ. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಭಾವನ ಪಕ್ಕ ಕೂತು ಈ ಸುಳ್ಳು ಅಳತೆ ಕಲಿತ ಭಾಮೈದ. ಅಂದು ಇಬ್ಬರಿಗೂ ಊಟಕ್ಕೆ ಮೂರು ಸಲ ಕೂಗಿದ್ದೆ ಎಂದು ನಿಮ್ಮಕ್ಕ ನನಗೆ ಹೇಳಿದ್ದಾಳೆ ಎಂದೆ.

ಗೇಟಪ್ಪ ಒಂದು ಹಳೇ ಡ್ರಮ್ಮಿನ ಮೇಲೆ ಕುಸಿದು ಕೂತ.

ತೊಟ್ಟಿಯ ತಳದಿಂದ ನಾನು ಆರಿಸಿಟ್ಟಿದ್ದ ಕಬ್ಬಿಣದ ಚೂರುಗಳನ್ನು ಅವನ ಮುಂದೆ ಸುರಿದೆ. ಆ ತುಂಡಿನ ಒಳಗಡೆ ಕತ್ತರಿಸಿದಾಗ ಕೆಳಗೆ ಬಿದ್ದವು. ಕೀಲು ಬಿಗಿಯುವ ತೂತುಗಳಿಂದ ಬಿದ್ದ ಬಿಲ್ಲೆಗಳು, ಗಾಳಿಯಾಡಲು ಬಿಟ್ಟ ಸೀಳುಗಳಿಂದ ಬಿದ್ದ ನಾಲ್ಕು ಪಟ್ಟಿ, ಒಂದು ತಟ್ಟೆ ತೂರಿಸುವಷ್ಟು ಅಗಲದ ತುಂಡು. ಇಂಥ ಬಾಗಿಲು ಮನೆಗೆ ಮಾಡಿಸುವುದಿಲ್ಲ. ಮನುಷ್ಯನನ್ನು ಒಳಗಿಟ್ಟು ಅನ್ನ ಕೊಡುವುದಕ್ಕೆ ಮಾಡಿಸುತ್ತಾರೆ.

"ನಿಮ್ಮ ಭಾವನ್ನ ಎಲ್ಲಿ ಕೂಡಿಹಾಕಿದೀಯ?"

"ನಾನು ಕೂಡಿಹಾಕಿಲ್ಲ ಮೇಡಂ. ಅವ್ರೇ ಕೂತಿದಾರೆ."

ಕಂಪ್ರೆಸರಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ಇನ್ನೊಂದು ಸಲ ಹೇಳಿಸಿದೆ. ಅದೇ ಹೇಳಿದ.

ಆಮೇಲೆ ಎಲ್ಲ ಹೊರಗೆ ಬಂತು, ಹನ್ನೊಂದು ದಿನ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದು. ಹೋದ ವರ್ಷ ಒಬ್ಬ ಕಂಟ್ರಾಕ್ಟರು ಭಾವನ ಹತ್ತಿರ ನೂರಾರು ಜೋಡಣೆ ಪ್ಲೇಟು ಕತ್ತರಿಸಲು ಕೊಟ್ಟ, ಬಸ್ ನಿಲ್ದಾಣದ ಚಾವಣಿಗೆ. ನಕ್ಷೆಯಲ್ಲಿ ಇದ್ದದ್ದು ಹನ್ನೆರಡು ಮಿಲಿಮೀಟರ್ ದಪ್ಪ, ಅವನು ತಂದು ಹಾಕಿದ್ದು ಎಂಟರ ಪ್ಲೇಟು. ಭಾವ ಕೇಳಿದ್ದಕ್ಕೆ, ನಕ್ಷೆ ಬದಲಾಗಿದೆ, ನಿಮಗ್ಯಾಕೆ ತಲೆಬಿಸಿ ಎಂದನಂತೆ. ಹೋದ ತಿಂಗಳು ಚಾವಣಿ ಕುಸಿದು ಇಬ್ಬರು ಸತ್ತರು. ಭಾವನ ಹತ್ತಿರ ಪ್ರತಿ ಪ್ಲೇಟಿನ ಉಳಿಕೆಯೂ ತಾರೀಖು ಸಮೇತ ಇತ್ತು. ವಿಚಾರಣೆಯಲ್ಲಿ ಅದನ್ನು ಮುಂದಿಟ್ಟು ಸಾಕ್ಷಿ ಹೇಳುತ್ತೇನೆ ಎಂದು ಭಾವ ಒಪ್ಪಿಕೊಂಡಿದ್ದ.

ಒಂಬತ್ತನೇ ತಾರೀಖು ಸಂಜೆ ಕಂಟ್ರಾಕ್ಟರಿನ ಫೋನು ಬಂತು. ಏನು ಹೇಳಿದ ಎಂದು ಭಾವ ಯಾರಿಗೂ ಹೇಳಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಉಳಿಕೆಗಳನ್ನು ಗೋಣಿಚೀಲಕ್ಕೆ ತುಂಬಿ, ಫೋನು ಮನೆಯಲ್ಲೇ ಬಿಟ್ಟು ಹೊರಟುಬಿಟ್ಟ. ಹೆಂಡತಿಗೆ ಏನೂ ಗೊತ್ತಾಗಬಾರದು, ಗೊತ್ತಿಲ್ಲದವಳನ್ನು ಯಾರೂ ಹೆದರಿಸಿ ಬಾಯಿಬಿಡಿಸಲಾರರು ಎಂದು ಅವನ ಲೆಕ್ಕ. ತನ್ನ ಬೀಗದ ಕೈ ಗೇಟಪ್ಪನಿಗೆ ಕೊಟ್ಟ, ಒಂದು ಚೀಟಿಯಲ್ಲಿ ಬಾಗಿಲಿನ ಅಳತೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ಮಾರನೇ ದಿನ ಗೇಟಪ್ಪ ಪ್ಲೇಟು ಕತ್ತರಿಸಿ ತಲುಪಿಸಿ ಬಂದ.

"ಹತ್ತು ದಿನಕ್ಕೆ ಊಟ, ನೀರು ಇಟ್ಕೊಂಡಿದೀನಿ, ನೀನು ಈ ಕಡೆ ತಲೆನೂ ಹಾಕ್ಬೇಡ, ನಿನ್ನ ಹಿಂದೆ ಜನ ಬರ್ತಾರೆ ಅಂದ್ರು," ಎಂದು ಕೂಗಿ ಹೇಳಿದ. "ಹಂಗೂ ಏನಾದ್ರೂ ಬೇಕಾದ್ರೆ ಇರ್ಲಿ ಅಂತ ತಟ್ಟೆ ತೂತು ಬಿಡಿಸಿದ್ರು. ಚಿಲಕ ಒಳಗಡೆಗೆ ಮೇಡಂ. ಅವ್ರಿಗೆ ಬೇಕಾದಾಗ ತೆಗೆದು ಬರ್ಬೋದು."

"ವಿಚಾರಣೆ ಯಾವತ್ತು?"

ಅವನು ನೆಲ ನೋಡಿದ. ಇವತ್ತು ಬೆಳಿಗ್ಗೆ ಹತ್ತು ಗಂಟೆಗಿತ್ತು, ಭಾವ ಬರಲಿಲ್ಲ ಎಂದ. ನಾನು ವಿಚಾರಣೆ ನಡೆಯೋ ಕಟ್ಟಡದ ಎದುರು ಹನ್ನೆರಡರವರೆಗೆ ನಿಂತು ಕಾದೆ, ಭಾವನಿಗೆ ಧೈರ್ಯ ಸಾಲಲಿಲ್ಲ ಎಂದುಕೊಂಡೆ, ನನಗೇ ಇಲ್ಲದ್ದು ಅವರಿಗೆ ಎಲ್ಲಿಂದ ಬರಬೇಕು ಎಂದ.

ಎಂಟು ತಿಂಗಳು ಮೂರು ಮಿಲಿಮೀಟರಿನ ಬೆನ್ನು ಬಿಡದವನು ಇಬ್ಬರ ಸಾವಿನ ಸಾಕ್ಷಿ ಹೇಳುವ ದಿನ ಮರೆಯುವುದಿಲ್ಲ, ಹೆದರಿ ಕೂರುವುದೂ ಇಲ್ಲ.

ಎಲ್ಲಿ ಎಂದು ಕೇಳಿದೆ. ಅವನು ತಡವರಿಸಿದ. ನಾನು ಅವನ ಭುಜ ಹಿಡಿದು ಅಲುಗಾಡಿಸಿದೆ.

"ಮುಚ್ಚಿದ ಐಸ್ ಫ್ಯಾಕ್ಟರಿ," ಎಂದು ಗಂಟಲು ಹರಿಯುವಂತೆ ಕೂಗಿದ. "ಹಳ್ಳದ ದಾರಿ ಕೊನೇಲಿರೋದು. ಅದರ ತಣ್ಣನೆ ಕೋಣೆ."

ಅದರ ದೊಡ್ಡ ಬಾಗಿಲನ್ನು ಎಂದೋ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರಂತೆ. ಉಳಿದಿರುವುದು ಐಸಿನ ಗಡ್ಡೆ ಹೊರಕ್ಕೆ ತಳ್ಳುತ್ತಿದ್ದ ಕಿಂಡಿ, ಎರಡಡಿ ಅಗಲ, ಮೂರಡಿ ಎತ್ತರ, ಮನುಷ್ಯ ತೆವಳಿ ಒಳಗೆ ಹೋಗಬಹುದು. ಅದಕ್ಕೆ ಗೋಡೆಯಲ್ಲಿ ಕಬ್ಬಿಣದ ಚೌಕಟ್ಟು ಇದೆ, ನೆಟ್ಟಗಿರುವ ಗಟ್ಟಿ ಚೌಕಟ್ಟು. ಗೋಡೆ ಮೊಳದಷ್ಟು ದಪ್ಪ. ಒಳಗೆ ಎಷ್ಟು ಕೂಗಿದರೂ ದಾರಿವರೆಗೆ ಕೇಳುವುದಿಲ್ಲ, ಅದಕ್ಕೇ ಭಾವ ಆ ಜಾಗ ಆರಿಸಿದ್ದು.

"ಬಾಗಿಲು ಯಾವ ಕಡೆ ತೆರೆಯುತ್ತೆ?"

"ಒಳಕ್ಕೆ ಎಳೀಬೇಕು. ಹೊರಗಡೆ ಅಂಚಿಗೆ ತಾಗಿ ನಿಲ್ಲುತ್ತೆ."

"ಕೂರಿಸುವಾಗ ನೀನು ನೋಡಿದ್ಯಾ?"

ಇಲ್ಲ, ಪ್ಲೇಟು ಒಳಗೆ ತಳ್ಳಿ ಬಂದೆ, ಕೀಲು ಬಿಗಿದು ಕೂರಿಸಿದ್ದು ಭಾವನೇ ಎಂದ. ಹಿಂತಿರುಗಿ ಬರುವಾಗ ಸುತ್ತಿಗೆ ಸದ್ದು ಕೇಳಿತು. ಚಿಲಕ ಹೊಡೆಯುತ್ತಿದ್ದಾರೆ ಎಂದುಕೊಂಡೆ ಎಂದ.

ಚಿಲಕವನ್ನು ಸುತ್ತಿಗೆಯಲ್ಲಿ ಹೊಡೆಯುವುದಿಲ್ಲ ಎಂದು ಗೇಟು ಮಾಡುವವನಿಗೆ ನಾನು ಹೇಳಿಕೊಡಬೇಕಾಯಿತು.

ಮೇಜಿನ ಮೇಲಿನ ಚೌಕಟ್ಟನ್ನು ಬೆರಳಿನಿಂದ ತೋರಿಸಿದೆ. ಎಡಕ್ಕೆ ವಾಲಿದ ಬಾಗಿಲು. ನೆಟ್ಟಗಿರುವ ಚೌಕಟ್ಟಿಗೆ ಅದು ಸಲೀಸಾಗಿ ಕೂರುವುದಿಲ್ಲ, ಎರಡು ಮೂಲೆಯಲ್ಲಿ ಕಚ್ಚುತ್ತದೆ. ಕನ್ನಡಕ ಇದ್ದಿದ್ದರೆ ಅಳತೆರಾಯ ದೂರದಿಂದಲೇ ಕಂಡುಹಿಡಿಯುತ್ತಿದ್ದ. ಕನ್ನಡಕ ತೊಟ್ಟಿಯಲ್ಲಿತ್ತು. ಮಬ್ಬುಗತ್ತಲಲ್ಲಿ, ಅವಸರದಲ್ಲಿ, ಬಿಗಿಯಾಗಿದೆ ಎಂದುಕೊಂಡು ಸುತ್ತಿಗೆಯಿಂದ ಹೊರಕ್ಕೆ ಹೊಡೆದು ಕೂರಿಸಿಬಿಟ್ಟ. ತೆಗೆಯಬೇಕಾದರೆ ಒಳಕ್ಕೆ ಎಳೆಯಬೇಕು. ತಟ್ಟೆ ತೂತಿಗೆ ಕೈ ಹಾಕಿ ಎಳೆದರೂ ಒಬ್ಬನ ಬಲಕ್ಕೆ ಅದು ಬರುವುದಿಲ್ಲ. ಅವನು ಸುತ್ತಿಗೆ ಎತ್ತಿದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ. ಹೊರಗಿನಿಂದ ಯಾರಾದರೂ ಒಳಕ್ಕೆ ಹೊಡೆಯಬೇಕು, ಅಷ್ಟೇ ದಾರಿ.

"ಹತ್ತು ದಿನದ ನೀರು," ಎಂದೆ. "ಇವತ್ತು ಎಷ್ಟನೇ ದಿನ ಲೆಕ್ಕ ಹಾಕು."

ಗೇಟಪ್ಪ ಲೆಕ್ಕ ಹಾಕಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ನಾನೇ ಮಾಡಿದೆ, ನಾನೇ ಮಾಡಿದೆ ಎಂದ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ, ಮೆಷಿನ್ನು ಸರಿಹೋಯಿತು ಕಣೋ ಎಂದು ಒಂದೇ ಒಂದು ಮಾತು ಎಂದು ಅಳತೊಡಗಿದ. ನನಗೂ ಅದೇ ಅನಿಸುತ್ತಿತ್ತು. ಎಂಟು ತಿಂಗಳ ನಂತರ ಸಿಕ್ಕ ಸಂತೋಷವನ್ನು ಮನೆಯವರಿಗೆ ಆಮೇಲೆ ತೋರಿಸೋಣ ಎಂದು ಬಚ್ಚಿಟ್ಟಿದ್ದ ಪುಣ್ಯಾತ್ಮ.

"ಅಳೋದು ಆಮೇಲೆ. ಶಟರ್ ಎತ್ತು."

ಅವನು ಓಡಿಹೋಗಿ ಶಟರಿನ ಕೆಳಗೆ ಕೈ ಹಾಕಿ ಎತ್ತಿದ. ಒಂದು ಬೆರಳಿನಷ್ಟು ಮೇಲೆ ಬಂದು ಟಕ್ ಎಂದು ನಿಂತಿತು. ಮತ್ತೆ ಎತ್ತಿದ. ನಾನೂ ಸೇರಿದೆ. ಅಷ್ಟೇ ಬೆರಳು, ಅದೇ ಟಕ್.

ಗೇಟಪ್ಪ ನೆಲಕ್ಕೆ ಕೆನ್ನೆ ಒತ್ತಿ ಸಂದಿಯಲ್ಲಿ ನೋಡಿದ. ಎದ್ದು ನನ್ನ ಕಿವಿಗೆ ಬಾಯಿಟ್ಟು ಹೇಳಿದ. "ಹೊರಗಡೆಯಿಂದ ಬೀಗ ಹಾಕಿದಾರೆ."

ನಾನು ಎಳೆದದ್ದು ಶಟರ್ ಮಾತ್ರ. ಬೀಗ ಹಾಕಿದವಳು ನಾನಲ್ಲ.

ಇಬ್ಬರೂ ಶಟರಿಗೆ ಗುದ್ದಿದೆವು. ಕೂಗಿದೆವು. ಕಂಪ್ರೆಸರು ನಮಗಿಂತ ಜೋರಾಗಿ ಕೂಗುತ್ತಿತ್ತು. ನನ್ನ ಫೋನಿಗೆ ಆ ತಗಡಿನೊಳಗೆ ಸಿಗ್ನಲ್ ಇಲ್ಲ, ಅವನದು ಅಂಗಡಿಯಲ್ಲಿ ಚಾರ್ಜಿಗಿತ್ತು. ಹೊರಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಹಳ್ಳದ ದಾರಿಯ ಕೊನೆಯಲ್ಲಿ ಒಬ್ಬ ಮನುಷ್ಯ ಹೀಗೇ ಗುದ್ದುತ್ತಿರಬೇಕು ಎಂಬ ಯೋಚನೆ ಬಂತು. ಹನ್ನೊಂದು ದಿನದಲ್ಲಿ ಮೊದಲ ಸಲ ನನಗೆ ನಿಜವಾಗಿ ಭಯವಾಯಿತು.

ಮೊದಲು ತಲೆ ಓಡಿದ್ದು ಗೇಟಪ್ಪನಿಗೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅವನು ಸ್ಪ್ಯಾನರು ತಂದು ಅಡ್ಡತೊಲೆಯಿಂದ ಟಾರ್ಚು ಬಿಚ್ಚಿದ. ಅದರ ಕೇಬಲ್ಲು ಶಟರ್‌ವರೆಗೆ ಎಳೆದರೆ ಎರಡಡಿ ಸಾಲಲಿಲ್ಲ. ಪವರ್ ಪೆಟ್ಟಿಗೆಯನ್ನೇ ಎತ್ತಿ ಹತ್ತಿರ ತಂದು ಇಟ್ಟ. ಕರೆಂಟು ಹರಿಯಲೆಂದು ಅರ್ಥಿಂಗ್ ಕ್ಲಾಂಪನ್ನು ಶಟರಿನ ಪಟ್ಟಿಗೆ ಕಚ್ಚಿಸಿ, ಬಣ್ಣ ಕೆರೆದು, ಮತ್ತೊಮ್ಮೆ ಕಚ್ಚಿಸಿದ. ಅಳುತ್ತಿದ್ದವನು ಕಬ್ಬಿಣ ಮುಟ್ಟಿದ ಕೂಡಲೇ ಬೇರೆ ಮನುಷ್ಯನಾಗಿದ್ದ.

ಟಾರ್ಚಿಗೆ ಕೈಗುಂಡಿ ಇಲ್ಲ, ಕಂಪ್ಯೂಟರಿನಿಂದಲೇ ಹೊತ್ತಿಸಬೇಕು. "ನಾನು ತಲೆ ಆಡಿಸಿದಾಗ ಈ ಗುಂಡಿ ಒತ್ತಿ ಮೇಡಂ. ಕೈ ಎತ್ತಿದ್ರೆ ಬಿಡಿ. ಈ ಕಡೆ ನೋಡ್ಬೇಡಿ."

ಅವನು ತಲೆ ಆಡಿಸಿದ. ನಾನು ಒತ್ತಿದೆ.

ಶೆಡ್ಡು ನೀಲಿ ಬೆಳಕಿನಿಂದ ತುಂಬಿಹೋಯಿತು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಸುಟ್ಟ ಬಣ್ಣದ ಹೊಗೆ ಗಂಟಲಿಗೆ ಇಳಿಯಿತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಒಂದು ಬದಿ ಮುಗಿಯುವಷ್ಟರಲ್ಲಿ ನನಗೆ ಈ ಶೆಡ್ಡಿನಲ್ಲೇ ಸಾಯುತ್ತೇನೆ ಎನಿಸಿತ್ತು. ಎರಡನೇ ಬದಿ. ಮೂರನೇ ಬದಿ. ಗೇಟಪ್ಪ ಕಾಲಿನಿಂದ ಒದ್ದ, ತುಂಡು ಹೊರಗೆ ಬಿದ್ದು ಬಿಸಿಲು ಒಳಗೆ ಬಂತು.

ಅಂಚು ಕಾದಿತ್ತು. ಗೋಣಿಚೀಲ ಹಾಸಿ ಮೊದಲು ಅವನು, ಆಮೇಲೆ ನಾನು ಹೊರಗೆ ತೆವಳಿದೆವು. ನನ್ನ ಸೊಂಟದ ವಿಷಯ ಅಂದು ಗೇಟಪ್ಪನಿಗೂ ತಿಳಿಯಿತು.

ಅವನ ಅಕ್ಕ ಮನೆಯ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಕುತ್ತಿಗೆಗೆ ಹೊಲಿಗೆಯ ಟೇಪು ಹಾಕಿಕೊಂಡು. ಶಟರಿನಲ್ಲಾದ ತೂತು ನೋಡಿ ಹೌಹಾರುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಹನ್ನೊಂದು ದಿನದಿಂದ ಇಲ್ಲದ ನಗು ಇತ್ತು.

"ಅವ್ರು ಬದುಕಿದಾರಂತಲ್ಲ," ಎಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು. "ಐಸ್ ಫ್ಯಾಕ್ಟರೀಲಿದಾರಂತೆ. ಈಗ ಹೇಳಿದ್ರು."

ಯಾರು ಎಂದು ಕೇಳಿದವನು ಗೇಟಪ್ಪ.

"ಕಂಟ್ರಾಕ್ಟರ್ ಸಾಹೇಬ್ರು. ವಿಚಾರಿಸ್ಕೊಂಡು ಹೋಗೋಕೆ ಬಂದಿದ್ರು ಪಾಪ. ನೀವು ಒಳಗೆ ಮಾತಾಡ್ತಿದ್ದದ್ದು ಶಟರ್ ಹತ್ರ ನಿಂತು ಕೇಳಿಸ್ಕೊಂಡ್ರಂತೆ. ಮೇಡಂ ತನಿಖೆ ಮಾಡ್ತಿದಾರೆ, ಈಗ ಒಳಗೆ ಹೋಗಬೇಡಿ, ನಾನೇ ಓಡಿಹೋಗಿ ಕರ್ಕೊಂಡು ಬರ್ತೀನಿ ಅಂದ್ರು."

ಗಂಡ ಅವಳಿಗೆ ಏನೂ ಹೇಳಿರಲಿಲ್ಲ. ಅವಳ ಪಾಲಿಗೆ ಆ ಮನುಷ್ಯ ಹೋದ ವರ್ಷ ಕೈತುಂಬ ಕೆಲಸ ಕೊಟ್ಟ ದೊಡ್ಡ ಗಿರಾಕಿ, ಅಷ್ಟೇ.

ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಇಪ್ಪತ್ತು ನಿಮಿಷ ಎಂದಳು. ಬಾಗಿಲು ಸಿಕ್ಕಿಹಾಕಿಕೊಂಡಿದೆಯಂತೆ, ಸಾಮಾನು ಬೇಕು ಎಂದರು, ನಾನೇ ಅಂಗಡಿಯಿಂದ ತೆಗೆದುಕೊಟ್ಟೆ ಎಂದಳು.

"ಏನು ಕೊಟ್ಟೆ ಅಕ್ಕ? ಸುತ್ತಿಗೆನಾ?"

"ಸುತ್ತಿಗೆ ಬೇಡ ಅಂದ್ರು ಕಣೋ. ಜನರೇಟರ್ ಅವ್ರ ಗಾಡೀಲೇ ಇತ್ತಂತೆ. ನೀನು ಗೇಟು ಬೆಸೆಯೋ ವೆಲ್ಡಿಂಗ್ ಮೆಷಿನ್ ಕೇಳಿದ್ರು, ಕೊಟ್ಟೆ. ಅದ್ರಲ್ಲಿ ಬೇಗ ತೆಗೀಬೋದಲ್ವಾ?"